ಹದಿನಾಲ್ಕನೇ ಚಾನೆಲ್‌ನ ಹೊಸ ಮುಖ

ಜನವರಿ 8, ಮಂಗಳವಾರ. ಸಂಜೆ 6.40

ಹೊಸ ಸೆಟ್ಟಿನ ಎರಡನೇ ದಿನ. ನಿನ್ನೆ ಸಿಟ್ಟಿನಲ್ಲಿ ಏನೂ ಬರೆಯಲಾಗಲಿಲ್ಲ.

ಮರದ ಮೇಜು ಹೋಗಿದೆ. ಬರ್ಟ್ ಹೆಡ್‌ಲಂಡ್ ಮೂವತ್ತೊಂದು ವರ್ಷ ಮೊಣಕೈ ಊರಿ ಸುದ್ದಿ ಓದಿದ ಮೇಜು. ಆ ಜಾಗದಲ್ಲಿ ಈಗ ಗಾಜಿನದು, ಕೆಳಗಿನಿಂದ ನೀಲಿ ದೀಪ. ಥೇಟ್ ಮೀನಿನ ತೊಟ್ಟಿ. ಹಿಂದೆ ನಮ್ಮ ಬಂದರಿನ ಸೇತುವೆಯ ಫೋಟೊ ಇತ್ತು. ಈಗ ಪರದೆ, ಅದರ ತುಂಬ ಯಾವುದೋ ಊರಿನ ಎತ್ತರದ ಕಟ್ಟಡಗಳು. ಡುಲೂತ್‌ನಲ್ಲಿ ಅಷ್ಟೆತ್ತರದ್ದು ಎಲ್ಲಿದೆ? ಲೋಗೋದಲ್ಲಿ 14ರ ಕೆಳಗಿದ್ದ ಅಲೆಯೂ ಮಾಯ. ಅಂಕಿಗಳು ಬಸ್ಸು ಹಿಡಿಯಲು ಓಡುವವರ ಹಾಗೆ ಮುಂದಕ್ಕೆ ವಾಲಿವೆ. ಅಡಿಯಲ್ಲಿ "ಸದಾ ನಿಮ್ಮ ಪಕ್ಕದಲ್ಲೇ" ಅಂತ ಬೇರೆ. ಚಾನೆಲ್ ಕೊಂಡವರು ಇರುವುದು ಸಾವಿರ ಮೈಲಿ ಆಚೆ.

ಜಾಯ್ಸ್ ಒಬ್ಬಳು ಉಳಿದಿದ್ದಾಳೆ, ಪುಣ್ಯ. ಹವಾಮಾನ ಹೇಳುವಾಗ ಈಗಲೂ ನಕ್ಷೆಯ ವಿಸ್ಕಾನ್ಸಿನ್ ರಾಜ್ಯಕ್ಕೆ ಪೂರ್ತಿ ಅಡ್ಡ ನಿಲ್ಲುತ್ತಾಳೆ. ಅಲ್ಲಿ ಮಳೆಯೋ ಹಿಮವೋ ಇಪ್ಪತ್ತು ವರ್ಷದಿಂದ ನನಗೆ ಗೊತ್ತಾಗಿಲ್ಲ.

ಬರ್ಟ್ ಜಾಗಕ್ಕೆ ಹೊಸ ಹುಡುಗ. ಟೆಕ್ಸಸ್‌ನವನು. ಎಫ್ರೇನ್ ಮೊಂಟಾಲ್ವೊ. ಇಪ್ಪತ್ತಾರೋ ಇಪ್ಪತ್ತೇಳೋ. ಇಪ್ಪತ್ತು ಮೈಲಿ ದೂರದ ಕ್ಲೋಕೆಯನ್ನು "ಕ್ಲೋಕ್ವೆಟ್" ಎಂದ. ಕೂದಲು... ಮೂವತ್ತಾರು ವರ್ಷದಿಂದ ಕ್ಷೌರದಂಗಡಿ ನಡೆಸುವವನು ನಾನು, ಆ ಕೂದಲಿನ ಬಗ್ಗೆ ಸುಮ್ಮನಿರಲು ಹೇಗೆ ಸಾಧ್ಯ?

ಜನವರಿ 9, ಬುಧವಾರ. ಸಂಜೆ 7

ಅಂಗಡಿ ತೆರೆಯುವ ಮೊದಲು ಕಟ್ಟೆಗೆ ಹೋದೆ. ಕಟ್ಟೆ ಅಂದರೆ ಆ ಹೆಸರಿನ ವೆಬ್‌ಸೈಟು. ಚಾನೆಲ್‌ಗಳ ಲೋಗೋ, ಮೇಜು, ಸುದ್ದಿಗೆ ಮೊದಲು ಬರುವ ಸಂಗೀತ — ಇದರ ಬಗ್ಗೆ ಜಗಳವಾಡುವವರು ಸೇರುವ ಜಾಗ. ಹತ್ತೊಂಬತ್ತು ವರ್ಷದಿಂದ ನಾನಲ್ಲಿ "ಕತ್ತರಿ".

ಬರೆದೆ: "ಹೊಸ ಹುಡುಗನ ಕೂದಲು ಯಾರಿಂದಲೋ ಕೇಳಿ ತಂದಂತಿದೆ. ಶನಿವಾರ ವಾಪಸ್ ಕೊಡಬೇಕೋ ಏನೋ."

ಮಧ್ಯಾಹ್ನದವರೆಗೆ ಯಾರೂ ಉತ್ತರಿಸಲಿಲ್ಲ. ಹಾಗಾಗಿ "ಬಂದರುವಾಸಿ"ಯಾಗಿ ಹೋಗಿ ನನ್ನ ಮಾತಿಗೆ ನಾನೇ ಹೌದೆಂದೆ. ಆಮೇಲೆ ನಾಲ್ಕು ಜನ ನಕ್ಕರು.

ಬಂದರುವಾಸಿಯೂ ನಾನೇ. ಅಕ್ಕ ಆರ್ಲಿಸ್‌ಗೂ ಗೊತ್ತಿಲ್ಲ.

ಜನವರಿ 17

ಕಟ್ಟೆಯಲ್ಲಿ ಮೂರು ಬಾರಿ ಬರೆದೆ. "ಊರುಗಳ ಹೆಸರನ್ನು ಔಷಧಿ ಚೀಟಿ ಓದಿದ ಹಾಗೆ ಓದುತ್ತಾನೆ" ಎಂಬುದಕ್ಕೆ ಒಳ್ಳೆ ಸ್ವಾಗತ. ಅದರಲ್ಲಿ ಎರಡು ಚಪ್ಪಾಳೆ ನನ್ನವೇ.

ಆರ್ಲಿಸ್ ಮೇಲಿನ ಮನೆಯಿಂದ ಒಲೆಯಲ್ಲಿ ಬೇಯಿಸಿದ ಆಲೂಗಡ್ಡೆ ಹಾಟ್‌ಡಿಶ್ ತಂದಳು. ಅಕ್ಕನೆಂಬ ಅಧಿಕಾರದಲ್ಲಿ ರಿಮೋಟನ್ನೂ ಕಿತ್ತುಕೊಂಡಳು.

"ನಿಂಗೆ ಆ ಹುಡುಗನ ಮೇಲೆ ಯಾಕೋ ಇಷ್ಟು ಉರಿ?"

"ಉರಿ ಏನಿಲ್ಲ. ಏಕಿನ್ ಊರಿಗೆ ಐಟ್‌ಕಿನ್ ಅಂದ."

"ಟಿ ಅಂತ ಬರೆದಿದ್ದಾರೆ, ಟಿ ಅಂತ ಓದಿದ. ತಪ್ಪು ಬರೆದೋರ್ದು. ಬರ್ಟ್ ಮೊದಲ್ನೇ ವರ್ಷ ಹೇಗಿದ್ದ, ಮರೆತ್ಯಾ? ಕೆಮ್ಮಿದಾಗೆಲ್ಲ ಕ್ಯಾಮೆರಾಗೆ 'ಕ್ಷಮ್ಸಿ' ಅಂತಿದ್ದ. ಬೈದು ಕಾಗದ ಬರೆದಿದ್ದೆ ನೀನು."

ಬರೆದಿದ್ದೆ. ಮರೆತಿದ್ದೆ.

ಜನವರಿ 26, ಶನಿವಾರ. ಮಧ್ಯಾಹ್ನ 2

ಅಂಗಡಿಯ ಬಾಗಿಲು ಮುಚ್ಚಿ ಬರೆಯಲು ಕೂತಿದ್ದೇನೆ.

ಹನ್ನೊಂದಕ್ಕೆ ಬಾಗಿಲ ಗಂಟೆ ಹೊಡೆಯಿತು. ದೊಡ್ಡ ಕೋಟು, ಟೊಪ್ಪಿ, ಮೂಗಿನವರೆಗೆ ಮಫ್ಲರ್. ಬಿಚ್ಚಿದರೆ — ಅವನು. ಟಿವಿಯಲ್ಲಿ ಕಾಣುವುದಕ್ಕಿಂತ ಕುಳ್ಳ. ಮೂಗಿನ ತುದಿ ಕೆಂಪು.

"ಜಾಯ್ಸ್ ಕಳ್ಸಿದ್ರು, ಸರ್. ಊರಲ್ಲಿ ನಿಮ್ಮಷ್ಟು ಚೆನ್ನಾಗಿ ಕತ್ತರಿಸೋರು ಇಲ್ವಂತೆ."

ಸರ್! ಟೆಕ್ಸಸ್‌ನ ತಾಯಂದಿರು ಮಕ್ಕಳಿಗೆ ಇದನ್ನು ಹಾಲಲ್ಲೇ ಕಲಸಿ ಕುಡಿಸುತ್ತಾರೇನೋ.

ಕುರ್ಚಿಯಲ್ಲಿ ಕೂರಿಸಿ ಬಟ್ಟೆ ಹೊದಿಸಿದೆ. ಹೇಗೆ ಬೇಕು ಎಂದು ಕೇಳಿದೆ. ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡ.

"ಕೇಳಿ ತಂದದ್ದು ಅನ್ನಿಸ್ಬಾರ್ದು, ಅಷ್ಟೆ. ಇಂಟರ್ನೆಟ್ಟಲ್ಲಿ ಯಾರೋ ಹಾಗೆ ಬರೆದಿದಾರೆ. ನಗು ಬರುತ್ತೆ, ಅಲ್ವಾ? ನಂಗೂ ಬಂತು... ಎರಡು ದಿನ ಆದ್ಮೇಲೆ."

ನಾನು ಕತ್ತರಿ ಹುಡುಕುವ ನೆಪದಲ್ಲಿ ಡ್ರಾಯರಿಗೆ ಬಗ್ಗಿದೆ. ಕತ್ತರಿ ಕೈಯಲ್ಲೇ ಇತ್ತು.

ಒಳ್ಳೆಯ ಕೂದಲು. ದಟ್ಟ, ಹೇಳಿದ ಮಾತು ಕೇಳುವ ಕೂದಲು. ಯಾರೋ ಹಾಳುಮಾಡಿ ಕಳಿಸಿದ್ದರು, ಅಷ್ಟೆ. ಮುಕ್ಕಾಲು ಗಂಟೆ ಮನಸ್ಸಿಟ್ಟು ಕತ್ತರಿಸಿದೆ. ಕಾಸು ಬೇಡವೆಂದೆ. ಒಪ್ಪಲಿಲ್ಲ.

ಜನವರಿ 30. ಬೆಳಿಗ್ಗೆ 9

ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗೆ. ಶಾಲೆ ಇಲ್ಲ, ಗಿರಾಕಿ ಇಲ್ಲ. ಹುಡುಗ ಬಂದರಿನಲ್ಲಿ ನಿಂತು ಬಿಸಿನೀರು ಎರಚಿ ಹೇಗೆ ಮಂಜಾಗುತ್ತದೆಂದು ತೋರಿಸಿದ. ಎಲ್ಲ ಚಾನೆಲ್‌ನವರೂ ಪ್ರತಿವರ್ಷ ಮಾಡುವ ಆಟ. ಇವನು ಮಾತ್ರ ಮಂಜಾದದ್ದನ್ನು ನೋಡಿ "ಅಯ್ಯೋ!" ಎಂದ, ನಿಜವಾಗಿ. ಮುಂದಿನ ಸಾಲು ಮರೆತ.

ಕೂದಲು ಚೆನ್ನಾಗಿ ಕೂತಿದೆ.

ಕಟ್ಟೆಗೆ ಹೋಗಲಿಲ್ಲ.

ಫೆಬ್ರವರಿ 9, ಶನಿವಾರ

ಮತ್ತೆ ಬಂದ. ಈ ಸಲ ಜೇಬಿನಲ್ಲಿ ಊರುಗಳ ಹೆಸರಿನ ಪಟ್ಟಿ.

"ಸರ್, ಇವನ್ನ ಹೇಳ್ಕೊಡ್ತೀರಾ? ಆಫೀಸಲ್ಲಿ ಕೇಳಿದ್ರೆ ನಗ್ತಾರೆ."

"ಓದು."

"ಈಲೈ."

"ಈಲಿ."

"ಬ್ರೂಲೆ."

"ಬ್ರೂಲ್. ಬಾಲ ಕತ್ತರಿಸ್ಬಿಡು."

"ಫ್ರೆಂಚಲ್ಲಿ ಹಂಗಲ್ಲ, ಸರ್."

"ಫ್ರೆಂಚರು ಹೋಗಿ ಇನ್ನೂರು ವರ್ಷ ಆಯ್ತು. ಹೆಸರು ಈಗ ನಮ್ದು."

ಕಾಯುತ್ತಿದ್ದ ಇಬ್ಬರು ಮುದುಕರೂ ಸೇರಿಕೊಂಡರು. ಒಂದು ಹೆಸರಿಗೆ ಅವರಿಬ್ಬರಲ್ಲೇ ಜಗಳವಾಯಿತು. ನಗುವಿನ ಮಧ್ಯೆ ಅವನ ಕಿವಿಯ ಹತ್ತಿರ ಕತ್ತರಿ ಆಡಿಸುವುದೇ ಕಷ್ಟ.

ಅವನ ತಾಯಿ ಟೆಕ್ಸಸ್‌ನ ಲರೇಡೊದಲ್ಲಿ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳಂತೆ. ಕೆಲಸ ಮುಗಿಸಿ ಬಂದು ಫೋನಿನಲ್ಲಿ ನಮ್ಮ ಹದಿನಾಲ್ಕನ್ನು ನೋಡುತ್ತಾಳೆ. ಡುಲೂತ್‌ನ ಹಿಮದ ಲೆಕ್ಕ ಅವಳಿಗೆ ಬಾಯಿಪಾಠ.

"ಆ ಕಟ್ಟೇನೂ ಓದ್ತಾಳೆ, ಸರ್. ಸ್ಪ್ಯಾನಿಶ್‌ಗೆ ಮಾಡ್ಕೊಂಡು. 'ಆ ಕತ್ತರಿ, ಆ ಬಂದರುವಾಸಿ, ಇಬ್ರಿಗೂ ನೀನೇನು ಮಾಡ್ದೆ ಮಗಾ?' ಅಂತಾಳೆ."

ನಾನು ಕುತ್ತಿಗೆಗೆ ಪೌಡರ್ ಹಾಕಿದೆ. ಜಾಸ್ತಿಯಾಯಿತು.

ಫೆಬ್ರವರಿ 19, ಮಂಗಳವಾರ. ಮಧ್ಯಾಹ್ನ

ಹೇಳಬೇಕೆಂದು ಹತ್ತು ದಿನದಿಂದ ಅಂದುಕೊಳ್ಳುತ್ತಿದ್ದೆ. ಇವತ್ತು ಕುರ್ಚಿಯಲ್ಲಿ ಕೂತು ಅವನೇ ಹೇಳಿದ, ಬೇರೆ ವಿಷಯ.

ಚಾನೆಲ್ ಒಡೆಯರ ಕಡೆಯಿಂದ ಸಲಹೆಗಾರನೊಬ್ಬ ಬಂದಿದ್ದನಂತೆ. ಎಲ್ಲರನ್ನೂ ಕೂರಿಸಿ ಪರದೆಯ ಮೇಲೆ ತೋರಿಸಿದ — "ವೀಕ್ಷಕರ ಮಾತು". ಮೊದಲ ಸಾಲು ಕೂದಲಿನದು. ಎರಡನೆಯದು ಔಷಧಿ ಚೀಟಿ. ಮೂರನೆಯದು, "ಇವನಿಗಿಂತ ಸೇತುವೆಯ ಫೋಟೊ ಚೆನ್ನಾಗಿ ಸುದ್ದಿ ಓದುತ್ತಿತ್ತು."

ಮೂರೂ ನನ್ನವು.

"ಮಾರ್ಚ್ ಕೊನೆಗೆ ತೀರ್ಮಾನ, ಸರ್. ಬೇಡ ಅಂದ್ರೆ ಸುದ್ದೀನ ಬೇರೆ ಊರಿಂದ ಓದಿಸ್ತಾರಂತೆ. ನಾಲ್ಕು ಊರಿಗೆ ಒಬ್ನೇ. ನಾನು ಮನೆಗೆ."

ಕತ್ತರಿ ನಿಂತುಹೋಯಿತು. ಅವನು ಕನ್ನಡಿಯಲ್ಲಿ ನೋಡಿದ. "ಏನಾಯ್ತು, ಸರ್?"

"ಏನಿಲ್ಲ, ಬೆರಳು ಸೆಟೆದ್ಕೊಂತು" ಎಂದೆ.

ಹೇಡಿ.

ಫೆಬ್ರವರಿ 21, ಗುರುವಾರ

ಅಂಗಡಿ ಮುಚ್ಚಿ ಟಿವಿ ಸ್ಟೇಷನ್ನಿಗೆ ಹೋದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಒಳಗೆ ಕಾಲಿಟ್ಟದ್ದು.

ಸುದ್ದಿ ವಿಭಾಗದ ಮುಖ್ಯಸ್ಥೆ ಕಾರ್ಲಾ ಬ್ರಾಂಡ್‌ವೋಲ್ಡ್ ಕಾಯಲು ಹೇಳಿದಳು. ಕಾರಿಡಾರಿನಲ್ಲಿ ಕುಳಿತೆ. ಎದುರಿಗೆ ಪ್ರಿಂಟರ್ ಇಟ್ಟಿದ್ದ ಮೇಜು... ಬರ್ಟ್‌ನ ಮೇಜು! ಎದ್ದು ಹೋಗಿ ಮುಟ್ಟಿದೆ. ಮರವೇ ಅಲ್ಲ. ಪ್ಲೈವುಡ್, ಮೇಲೆ ಮರದ ಚಿತ್ರದ ಕಾಗದ. ಒಂದು ಮೂಲೆ ಎದ್ದಿತ್ತು, ಟೇಪ್ ಹಾಕಿದ್ದರು. ಇದಕ್ಕಾಗಿ ಕಟ್ಟೆಯಲ್ಲಿ ಎಷ್ಟು ಅತ್ತಿದ್ದೆ! ಆದರೂ ಕೈ ತೆಗೆಯಲು ಮನಸ್ಸಾಗಲಿಲ್ಲ.

ಕಾರ್ಲಾಳಿಗೆ ಎಲ್ಲ ಹೇಳಿದೆ. ಹುಡುಗನ ಬಗ್ಗೆ ಕಟ್ಟೆಯಲ್ಲಿ ಕೆಟ್ಟದ್ದು ಬಂದದ್ದು ಹನ್ನೊಂದು, ಅದರಲ್ಲಿ ಒಂಬತ್ತು ನನ್ನವು, ಎರಡು ಹೆಸರಲ್ಲಿ. ಉಳಿದೆರಡರಲ್ಲೂ ನಿಜವಾದ ಸಿಟ್ಟು ಮೇಜಿನ ಮೇಲೆ.

ಅವಳು ಕನ್ನಡಕ ತೆಗೆದಳು. "ಅಂದ್ರೆ ವೀಕ್ಷಕರ ಮಾತು ಅಂದ್ರೆ... ನೀವು."

"ನಾನೊಬ್ನೇ."

"ಇದನ್ನ ಬರೆದು ಸಹಿ ಹಾಕಿ ಕೊಡ್ತೀರಾ?"

ಕೊಟ್ಟೆ. ಅಲ್ಲೇ, ಅವಳ ಪೆನ್ನಿನಲ್ಲಿ.

"ಅವನಿಗೆ ಹೇಳಿದ್ರಾ?"

ಇಲ್ಲವೆಂದೆ.

"ನಾನು ಹೇಳಲ್ಲ. ಅದು ನಿಮ್ಮ ಕೆಲ್ಸ."

ಮಾರ್ಚ್ 2, ಶನಿವಾರ

ಅವನು ಬರುವ ಮೊದಲೇ ಹೇಳುವ ಮಾತು ಸಿದ್ಧ ಮಾಡಿಕೊಂಡಿದ್ದೆ. ಬಂದ. ತಾಯಿ ಹಿಟ್ಟು ಕಲಸಿ ತಾನೇ ಮಾಡಿ ಕಳಿಸಿದ್ದ ಬಿಸ್ಕತ್ತು ತಂದಿದ್ದ. "ನಿಮಗೇಂತ್ಲೇ, ಸರ್. ಟಿವಿಯಲ್ಲಿ ನನ್ನ ಕೂದಲು ನೋಡಿ ಖುಷಿಪಟ್ಳು."

ಪೊಟ್ಟಣ ಗಲ್ಲಾದ ಮೇಲಿಟ್ಟೆ. ಕತ್ತರಿಸತೊಡಗಿದೆ. ಎಡಗಡೆ ಮುಗಿಯಿತು. ಇನ್ನು ತಡೆಯಲಾಗಲಿಲ್ಲ.

"ಎಫ್ರೇನ್. ಕತ್ತರಿ ನಾನೇ."

ಅವನು ನಕ್ಕ. ನನ್ನ ಕೈಲಿದ್ದ ಕತ್ತರಿಯ ತಮಾಷೆ ಅಂದುಕೊಂಡ.

"ಕಟ್ಟೆಯ ಕತ್ತರಿ. ಬಂದರುವಾಸೀನೂ ನಾನೇ. ನೀನು ಇಲ್ಲಿಗೆ ಬರೋಕೆ ಮುಂಚೆ ಬರೆದದ್ದು. ಆಮೇಲೆ ಒಂದಕ್ಷರ ಬರೆದಿಲ್ಲ. ಆದ್ರೆ ಬರೆದದ್ದು ಬರೆದದ್ದೇ."

ನಗು ಹಾಗೇ ಮುಖದ ಮೇಲೆ ಸ್ವಲ್ಪ ಹೊತ್ತು ಉಳಿಯಿತು, ಇಳಿಯಲು ದಾರಿ ಗೊತ್ತಿಲ್ಲದ ಹಾಗೆ.

"ಒಬ್ರೇನಾ?" ಎಂದ ಕೊನೆಗೆ. "ಅಮ್ಮ, ನಾನು... ಇಡೀ ಊರು ಅಂದ್ಕೊಂಡಿದ್ವಿ."

ನಾನು ಬಾಚಣಿಗೆ ಒರೆಸುತ್ತ ನಿಂತೆ.

"ಬಲಗಡೆ ಮುಗಿಸಿ."

ಮುಗಿಸಿದೆ. ಅಷ್ಟು ಉದ್ದದ ಬಲಗಡೆ ಇಷ್ಟು ವರ್ಷದಲ್ಲಿ ಕತ್ತರಿಸಿಲ್ಲ. ಎದ್ದ. ಕೋಟು ಹಾಕಿಕೊಂಡ. ಹಣ ಇಟ್ಟ, ಟಿಪ್ಸ್ ಸಮೇತ. "ಥ್ಯಾಂಕ್ಯೂ, ಸರ್" ಎಂದ.

ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 3

ಕಟ್ಟೆಯಲ್ಲಿ ನನ್ನ ಸ್ವಂತ ಹೆಸರು ಹಾಕಿ ಬರೆದೆ. ವೆಂಡೆಲ್ ಕೋಲ್‌ಸ್ಟಾಡ್, ಕ್ಷೌರಿಕ. ಎರಡೂ ಹೆಸರು ನನ್ನವು. ಹುಡುಗನ ಬಗ್ಗೆ ಬರೆದದ್ದು ತಪ್ಪು. ಮೇಜಿನ ಬಗ್ಗೆ ಬರೆದದ್ದಕ್ಕೆ ಈಗಲೂ ಬದ್ಧ.

ಸಂಜೆಯೊಳಗೆ ಹೊರಹಾಕಿದರು. ಎರಡು ಹೆಸರಿಟ್ಟುಕೊಳ್ಳುವುದು ನಿಯಮಕ್ಕೆ ವಿರುದ್ಧ. ನಿಯಮ ಬರೆದ ನಾಲ್ವರಲ್ಲಿ ನಾನೂ ಒಬ್ಬ.

ಹತ್ತೊಂಬತ್ತು ವರ್ಷ. 1987ರ ಸುದ್ದಿ ಸಂಗೀತ ಕೇಳಿ ಕಣ್ಣೀರು ಹಾಕುವವರು ಇನ್ನೆಲ್ಲಿ ಸಿಗುತ್ತಾರೆ?

ಆರ್ಲಿಸ್‌ಗೆ ಹೇಳಿದೆ. ನಿಂಬೆಯ ಕೇಕ್ ಕತ್ತರಿಸುತ್ತಿದ್ದಳು.

"ನಿಂಗೆ ನೀನೇ ಚಪ್ಪಾಳೆ ಹೊಡ್ಕೊಂಡ್ಯಾ?"

"ಹ್ಞೂಂ."

"ಐವತ್ತೆಂಟು ವರ್ಷದ ಗಂಡ್ಸು."

"ಹ್ಞೂಂ."

ನನ್ನ ತಟ್ಟೆಗೆ ದೊಡ್ಡ ತುಂಡು ಹಾಕಿದಳು. ಅಷ್ಟೇ.

ಮಾರ್ಚ್ 16, ಶನಿವಾರ

ಅವನು ಬರುವ ದಿನ. ಬರಲಿಲ್ಲ.

ಮಾರ್ಚ್ 23, ಶನಿವಾರ. ಸಂಜೆ 5

ಬೆಳಿಗ್ಗೆಯಿಂದ ಬಿರುಗಾಳಿ. ಹಿಮ ಕಿಟಕಿಯ ಅರ್ಧಕ್ಕೆ. ಬಂದರಿನ ಕಡೆ, ಸಮುದ್ರದಂಥ ನಮ್ಮ ಸರೋವರದ ಅಲೆ ರಸ್ತೆಗೆ ಬಂದು ಬೀಳುತ್ತಿದೆ. ಆರ್ಲಿಸ್ ಕೆಳಗೇ ಇದ್ದಾಳೆ. ಹದಿನಾಲ್ಕು ಹಚ್ಚಿಟ್ಟಿದ್ದೇವೆ.

ಬೆಳಿಗ್ಗೆ ಆರರಿಂದ ಅವನೇ. ಹನ್ನೊಂದು ಗಂಟೆ ಕಾಲ, ಜಾಯ್ಸ್ ಜೊತೆ. ಹತ್ತರ ಹೊತ್ತಿಗೆ ಟೈ ಬಿಚ್ಚಿದ. ಹನ್ನೆರಡಕ್ಕೆ ಹಿಂದಿನ ಪರದೆ ಕೈಕೊಟ್ಟಿತು. ಎತ್ತರದ ಕಟ್ಟಡಗಳು ಹೋಗಿ ಬರೀ ಕಪ್ಪು. ಯಾರಿಗೂ ಅದರ ಚಿಂತೆ ಇಲ್ಲ. ಮುಚ್ಚಿದ ರಸ್ತೆ, ಕರೆಂಟು ಹೋದ ಊರು ಒಂದೊಂದಾಗಿ ಓದಿದ. ಈಲಿ. ಬ್ರೂಲ್. ಕ್ಲೋಕೆ. ಏಕಿನ್.

"ಅಬ್ಬ, ಏಕಿನ್ ಅಂದ," ಆರ್ಲಿಸ್ ನನ್ನ ತೋಳು ಚಿವುಟಿದಳು.

ಮಧ್ಯಾಹ್ನ ಒಬ್ಬ ಮುದುಕಿ ಸ್ಟೇಷನ್ನಿಗೆ ಫೋನ್ ಮಾಡಿದಳು. ಹೀಟರ್ ನಿಂತಿದೆ, ತುರ್ತು ಸೇವೆಯ ಲೈನು ಸಿಗುತ್ತಿಲ್ಲ. ನೇರ ಪ್ರಸಾರದಲ್ಲೇ ಅವಳ ಜೊತೆ ಮಾತಾಡುತ್ತ ಕೂತ. ಎಷ್ಟು ಕಂಬಳಿ ಇದೆ, ಬೆಕ್ಕಿನ ಹೆಸರೇನು, ಊಟಕ್ಕೇನಿತ್ತು... ಇಪ್ಪತ್ತು ನಿಮಿಷ, ಅಗ್ನಿಶಾಮಕದವರು ಅವಳ ಬಾಗಿಲು ತಟ್ಟುವವರೆಗೆ. ಕೂದಲು ಹಣೆಗೆ ಬಿದ್ದಿತ್ತು. ಒಂದು ಸಲವೂ ಸರಿಮಾಡಿಕೊಳ್ಳಲಿಲ್ಲ.

ಆರ್ಲಿಸ್ ಮೂಗು ಸೀಟಿದಳು. ನಾನು ಕಾಫಿ ತರುತ್ತೇನೆಂದು ಅಡುಗೆಮನೆಗೆ ಬಂದೆ. ಇಲ್ಲೇ ನಿಂತು ಬರೆಯುತ್ತಿದ್ದೇನೆ.

ಮಾರ್ಚ್ 29

ಜಾಯ್ಸ್ ಅಂಗಡಿಗೆ ಬಂದಿದ್ದಳು, ಗಂಡನ ಕ್ಷೌರಕ್ಕೆ. ಅವನನ್ನು ಎರಡು ವರ್ಷಕ್ಕೆ ಉಳಿಸಿಕೊಂಡರಂತೆ. ಬೇರೆ ಊರಿನಿಂದ ಸುದ್ದಿ ಓದಿಸುವ ಮಾತು ಬಿದ್ದುಹೋಯಿತು.

"ನಿನ್ನ ಕಾಗದದಿಂದ ಅಂದ್ಕೋಬೇಡ ಮತ್ತೆ," ಎಂದಳು. "ಆ ಮುದುಕಿಯಿಂದ. ಆದ್ರೂ... ಕಾರ್ಲಾ ನಿನ್ನ ಕಾಗದಾನ ಸಲಹೆಗಾರನಿಗೆ ಗಟ್ಟಿಯಾಗಿ ಓದಿ ಹೇಳಿದ್ಳು. ಎರಡು ಸಲ."

ಅವನು ಹೇಗಿದ್ದಾನೆಂದು ಕೇಳಿದೆ.

"ಈಗ ಮಾಲ್‌ನಲ್ಲಿ ಕತ್ತರಿಸ್ಕೊಳ್ತಾನೆ. ನೋಡಿಲ್ವಾ?"

ನೋಡಿದ್ದೇನೆ. ಕಿವಿಯ ಹಿಂದೆ ಮೆಟ್ಟಿಲು ಬಿಟ್ಟಿದ್ದಾರೆ. ಯಾರಿಗೂ ಹೇಳಿಲ್ಲ.

ಏಪ್ರಿಲ್ 13, ಶನಿವಾರ. ಬೆಳಿಗ್ಗೆ 11.20

ಗಿರಾಕಿಯ ಮುಖಕ್ಕೆ ಬಿಸಿ ಟವೆಲ್ ಹಾಕಿದ್ದೇನೆ. ಐದು ನಿಮಿಷ ಇದೆ. ಗಲ್ಲಾದ ಹಿಂದೆ ನಿಂತು ಬರೆಯುತ್ತಿದ್ದೇನೆ.

ಎಫ್ರೇನ್ ಬಂದಿದ್ದಾನೆ. ಜೊತೆಗೊಬ್ಬ ಹೆಂಗಸು, ಗಿಡ್ಡ, ಹೊಸ ಕೋಟಿನ ಬೆಲೆಯ ಚೀಟಿ ಇನ್ನೂ ತೋಳಿನಲ್ಲೇ. ಈ ಏಪ್ರಿಲ್‌ನಲ್ಲೂ ಚಳಿಗೆ ನಡುಗುತ್ತಿದ್ದಾಳೆ. ತಾಯಿ. ಇನ್ಯಾರೂ ಇರಲಾರರು. ಇಬ್ಬರೂ ಕಿಟಕಿಯ ಬಳಿ ಕುಳಿತರು. ಅವನು ನನಗೆ ತಲೆಯಾಡಿಸಿದ. ನಗಲಿಲ್ಲ. ಮುಖ ತಿರುಗಿಸಲೂ ಇಲ್ಲ.

ಅವಳು ಮಗನನ್ನು ಏನೋ ಕೇಳಿದಳು. ಅವನು ಗದ್ದದಿಂದ ನನ್ನ ಕಡೆ ತೋರಿಸಿ ಹೇಳಿದ. ಅವಳು ಕೈಚೀಲ ಮಗನ ಮಡಿಲಿಗೆ ಹಾಕಿ ಎದ್ದಳು. ನೇರ ಇಲ್ಲಿಗೇ ಬರುತ್ತಿದ್ದಾಳೆ. ಅವನೂ ಹಿಂದೆಯೇ, "ಅಮ್ಮ, ಅಮ್ಮ, ಮೆಲ್ಲಗೆ" ಎನ್ನುತ್ತ. ಆದರೆ ಅವನ ಮುಖದಲ್ಲಿ... ನಗು ತಡೆದುಕೊಳ್ಳುತ್ತಿದ್ದಾನೆಯೇ? ಪೆನ್ನು ಇಡಬೇಕು. ಎದುರಿಗೇ ನಿಂತಳು, ಬೆರಳೆತ್ತಿ, "ಕತ್ತರಿ? ಬಂದರುವಾಸಿ?" ಎನ್ನುತ್ತಿದ್ದಾಳೆ.