ಹದಿನೇಳನೇ ಅಂಗಿಗೆ ಆರು ಪಂದ್ಯಗಳ ನಿಷೇಧ

ಲೀಗಿನ ಶಿಸ್ತು ಸಮಿತಿಯ ಅಧ್ಯಕ್ಷರೇ,

ನೀವು ಶಿಕ್ಷಿಸಿರುವುದು ಒಬ್ಬ ಆಟಗಾರನನ್ನಲ್ಲ, ಒಂದು ಅಂಗಿಯನ್ನು. ಆ ಅಂಗಿಯನ್ನು ಒಗೆಯುವವನು ನಾನು. ಇಪ್ಪತ್ತಾರು ವರ್ಷಗಳಿಂದ ನಮ್ಮ ಕ್ಲಬ್ಬಿನ ಅಂಗಿ, ಚಡ್ಡಿ, ಕಾಲುಚೀಲಗಳೆಲ್ಲ ನನ್ನ ಸುಪರ್ದಿಯಲ್ಲಿವೆ. ಯಾವ ಅಂಗಿಯೊಳಗೆ ಯಾರಿದ್ದರು ಎಂಬ ವಿಷಯದಲ್ಲಾದರೂ ನಿಮ್ಮ ಸಮಿತಿ ನನ್ನನ್ನು ಒಂದು ಮಾತು ಕೇಳಬಹುದಿತ್ತು.

ಹದಿನೇಳನೇ ಸಂಖ್ಯೆ ನಮ್ಮ ಹತ್ತೊಂಬತ್ತು ವರ್ಷದ ಫಾರ್ವರ್ಡ್‌ನದು. ಇಬ್ಬರು ರಕ್ಷಕರ ನಡುವೆ ಎಲ್ಲಿ ಸಂದು ಸಿಕ್ಕರೂ ತೂರಿಬಿಡುತ್ತಾನೆಂದು ನಾವು ಅವನನ್ನು ಸೂಜಿ ಎನ್ನುತ್ತೇವೆ. ವೃತ್ತಿಪರನಾಗಿ ಇದು ಮೊದಲ ವರ್ಷ. ಆಡಿದ್ದು ಒಂಬತ್ತು ಪಂದ್ಯ, ಹೊಡೆದದ್ದು ಐದು ಗೋಲು. ಒಪ್ಪಂದ ಈ ಸೀಸನ್ ಮುಗಿಯುವವರೆಗೆ ಮಾತ್ರ. ಮುಂದೆ ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದನ್ನು ಉಳಿದ ಪಂದ್ಯಗಳನ್ನು ನೋಡಿ ತೀರ್ಮಾನಿಸುತ್ತೇವೆ ಎಂದು ಕ್ಲಬ್ಬಿನವರು ಹೇಳಿದ್ದಾರೆ. ಉಳಿದಿರುವುದು ಆರು. ನಿಮ್ಮ ನಿಷೇಧವೂ ಆರು. ಎಂಥ ಅಳತೆ! ನುರಿತ ದರ್ಜಿಯೂ ಇಷ್ಟು ನೇರವಾಗಿ ಕತ್ತರಿ ಆಡಿಸಲಾರ.

ನಡೆದದ್ದು ಇಷ್ಟು. ಹೋದ ಶನಿವಾರ ಅರವತ್ತೊಂದನೇ ನಿಮಿಷದಲ್ಲಿ ಕೋಚ್ ಸೂಜಿಯನ್ನು ಹೊರಗೆ ಕರೆದು ಬೇರೊಬ್ಬನನ್ನು ಇಳಿಸಿದರು. ಎಪ್ಪತ್ತನೇ ನಿಮಿಷಕ್ಕೆ ನಮ್ಮ ನಾಲ್ಕನೇ ಸಂಖ್ಯೆಯ ರಕ್ಷಕ, ಎಲ್ಲರೂ ಗೋಡೆ ಎಂದು ಕರೆಯುವವನು, ಹುಬ್ಬು ಒಡೆದುಕೊಂಡ. ರಕ್ತವಾದ ಅಂಗಿಯಲ್ಲಿ ಆಡುವಂತಿಲ್ಲ ಎಂಬುದು ನಿಮ್ಮದೇ ನಿಯಮ. ಶ್ರೀಮಂತ ತಂಡಗಳಲ್ಲಿ ತಲೆಗೆ ಮೂರು ಅಂಗಿ. ನಮ್ಮಲ್ಲಿ ತಲೆಗೊಂದು. ಹಾಗಾಗಿ ಹೊರಗೆ ಬಂದವನ ಅಂಗಿಯನ್ನು ಗಾಯಗೊಂಡವನಿಗೆ ತೊಡಿಸುವುದು ನಮ್ಮ ಹಳೆಯ ರೂಢಿ. ಬೆಂಚಿನ ಮೇಲಿದ್ದ ಸೂಜಿಯ ಮೈಯಿಂದ ಅಂಗಿ ಬಿಚ್ಚಿಸಿ, ಬಿಗಿಯಾದರೂ ಎಳೆದು ಗೋಡೆಗೆ ತೊಡಿಸಿದವನು ನಾನೇ. ಗೆರೆಯಾಚೆ ನಿಂತಿದ್ದ ನಿಮ್ಮ ಅಧಿಕಾರಿಗೆ ಅದನ್ನು ತಿಳಿಸಬೇಕಿತ್ತು. ತಿಳಿಸಲಿಲ್ಲ. ಇಡೀ ಪ್ರಕರಣದಲ್ಲಿ ನನ್ನ ಕಡೆಯ ತಪ್ಪು ಇದು. ಇದನ್ನು ನಾನು ಮುಚ್ಚಿಡುವುದಿಲ್ಲ. ಎಂಬತ್ತೆಂಟನೇ ನಿಮಿಷದಲ್ಲಿ ಗೋಡೆ ರೆಫರಿಯ ಎದೆಗೆ ಕೈಹಾಕಿ ತಳ್ಳಿದ. ರೆಫರಿ ಕೆಂಪು ಕಾರ್ಡ್ ತೋರಿಸಿದರು, ಬೆನ್ನ ಮೇಲಿದ್ದ ಹದಿನೇಳನ್ನು ಬರೆದುಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನೀವೂ ಶಾಲೆಯಲ್ಲಿ ಓದಿರುತ್ತೀರಿ.

ಸೋಮವಾರ ಆದೇಶ ಬಂದ ಕೂಡಲೇ ಗೋಡೆಯನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಹೋದೆ. ಹುಬ್ಬಿಗೆ ನಾಲ್ಕು ಹೊಲಿಗೆ, ಕೈಯಲ್ಲಿ ತಪ್ಪೊಪ್ಪಿಗೆ ಪತ್ರ. ನಿಮ್ಮ ಗುಮಾಸ್ತರು ಕಡತ ತೆರೆದರು.

"ನಿಮ್ಮ ಮೇಲೆ ದೂರೇ ಇಲ್ವಲ್ಲ?"

"ಅದಕ್ಕೇ ಬಂದಿರೋದು ಸಾರ್. ತಳ್ಳಿದ್ದು ನಾನು."

"ದೂರು ಇಲ್ದೋರ ತಪ್ಪೊಪ್ಪಿಗೆ ತಗೊಳ್ಳೋಕೆ ನಮ್ಮಲ್ಲಿ ಫಾರಂ ಇಲ್ಲಪ್ಪ."

"ಹಾಗಾದ್ರೆ ಇನ್ನೊಂದ್ಸಲ ತಳ್ಳಿ ಬರ್ಲಾ?" ಎಂದ ಗೋಡೆ. ಅವನ ತೋಳು ಹಿಡಿದು ಹೊರಗೆ ಎಳೆದು ತರುವುದು ನನ್ನ ಪಾಲಿಗೆ ಬಂತು.

ಹೊರಬರುವ ಮುನ್ನ ಗುಮಾಸ್ತರನ್ನು ನಾನೂ ಒಂದು ಮಾತು ಕೇಳಿದ್ದೆ: ಅರವತ್ತೊಂದನೇ ನಿಮಿಷದಲ್ಲಿ ಹೊರಬಂದವನು ಎಂಬತ್ತೆಂಟರಲ್ಲಿ ಮೈದಾನದ ನಡುವೆ ಹೇಗಿದ್ದ? ಬೆಂಚಿನಲ್ಲಿ ಕೂತವನಿಗೂ ಕೆಂಪು ಕಾರ್ಡ್ ಕೊಡಬಹುದು, ನಿಯಮವಿದೆ ಎಂದರು. ನಿಜ, ಇದೆ. ನಾನೂ ಓದಿದ್ದೇನೆ. ಆದರೆ ಬೆಂಚಿನವನನ್ನು ಹೊರಹಾಕಿದರೆ ಮೈದಾನದಲ್ಲಿ ಹನ್ನೊಂದು ಜನ ಉಳಿಯಬೇಕು. ನಾವು ಕೊನೆಯ ನಿಮಿಷಗಳನ್ನು ಹತ್ತೇ ಜನ ಆಡಿದೆವು, ಅದನ್ನೂ ರೆಫರಿಯೇ ತಮ್ಮ ವರದಿಯಲ್ಲಿ ಬರೆದಿದ್ದಾರೆ. ಮೊದಲ ಪುಟದಲ್ಲಿ ಹೊರಬಂದವನ ಹೆಸರು, ಎರಡನೇ ಪುಟದಲ್ಲಿ ಹತ್ತರ ಲೆಕ್ಕ. ಪುಟ ತಿರುವುವುದು ಅಷ್ಟು ಕಷ್ಟದ ಕೆಲಸವೇ, ಮಾನ್ಯರೇ?

ಮೇಲ್ಮನವಿಯ ವಿಚಾರಣೆಯನ್ನು ಸೀಸನ್ ಮುಗಿದ ಹತ್ತನೇ ದಿನಕ್ಕೆ ಇಟ್ಟಿದ್ದೀರಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಈ ಪದ್ಧತಿ ಹೊಸದಲ್ಲ. ಹದಿನಾಲ್ಕು ವರ್ಷದ ಹಿಂದೆ ನಿಮ್ಮ ಕುರ್ಚಿಯಲ್ಲಿದ್ದವರು ನಮ್ಮ ಇನ್ನೊಬ್ಬ ಹುಡುಗನನ್ನು ಹೀಗೆಯೇ ನಿರ್ದೋಷಿ ಎಂದು ಘೋಷಿಸಿದ್ದರು, ಒಪ್ಪಂದ ಮುಗಿದ ಎರಡು ತಿಂಗಳಿಗೆ. ಅವನೀಗ ನಮಗೆ ಸೋಪಿನ ಪುಡಿ ತಂದುಕೊಡುವ ವ್ಯಾನ್ ಓಡಿಸುತ್ತಾನೆ. ಮೂಟೆ ಇಳಿಸಿ ಒಂದು ಕ್ಷಣ ಮೈದಾನದ ಕಡೆ ನೋಡುತ್ತಾನೆ, ಹೋಗುತ್ತಾನೆ. ನಿರ್ದೋಷಿ!

ನಿನ್ನೆ ಸೂಜಿ ಒಗೆಯುವ ಕೋಣೆಗೆ ಬಂದು ಯಂತ್ರಕ್ಕೆ ಒರಗಿ ನಿಂತ. ಅಭ್ಯಾಸಕ್ಕೆ ಯಾಕೆ ಹೋಗಲಿಲ್ಲವೋ ಎಂದೆ.

"ಆಡದೇ ಇರೋನು ಯಾಕೆ ಓಡ್ಬೇಕು, ಅಂಗಿಮಾವ?"

ಬುಟ್ಟಿಯಿಂದ ಕಾಲುಚೀಲವೊಂದನ್ನು ಎತ್ತಿಕೊಂಡು, "ಅಮ್ಮ ಕೇಳ್ತಾಳೆ, ನೀನ್ಯಾಕೆ ದೊಡ್ಡೋರ ಮೇಲೆ ಕೈ ಮಾಡ್ದೆ ಅಂತ. ನಾನಲ್ಲ ಅಂದ್ರೆ, ಕಾಗದದಲ್ಲಿ ಬರ್ದಿದೆಯಲ್ಲ ಅಂತಾಳೆ" ಎಂದ. ಹೆತ್ತ ತಾಯಿಗೂ ಮಗನ ಮಾತಿಗಿಂತ ನಿಮ್ಮ ಮೊಹರು ದೊಡ್ಡದಾಗಿ ಕಂಡಿದೆ. ನಿಮಗೆ ಇನ್ನೆಷ್ಟು ಗೌರವ ಬೇಕು?

ಇವತ್ತು ಬುಧವಾರ. ಶನಿವಾರ ನಾಲ್ಕು ಗಂಟೆಗೆ ಪಂದ್ಯ. ಅದರೊಳಗೆ ಹತ್ತು ನಿಮಿಷದ ವಿಚಾರಣೆ ನಡೆಸಿ. ರೆಫರಿಯ ಎದುರು ಸೂಜಿಯನ್ನೂ ಗೋಡೆಯನ್ನೂ ಪಕ್ಕಪಕ್ಕ ನಿಲ್ಲಿಸಿ. ಒಬ್ಬ ಇನ್ನೊಬ್ಬನ ಭುಜಕ್ಕೂ ಬರುವುದಿಲ್ಲ. ತಳ್ಳಿದವನಿಗೆ ಶಿಕ್ಷೆ ಕೊಡಿ, ಅವನು ಸಿದ್ಧನಿದ್ದಾನೆ. ತಿಳಿಸದೇ ಹೋದವನಿಗೂ ಕೊಡಿ, ನಾನೂ ಸಿದ್ಧ. ಸಾಕ್ಷಿಗೆಂದು ನಾಲ್ಕನೇ ಅಂಗಿಯನ್ನು ತರುತ್ತೇನೆ. ಎದೆಯ ಮೇಲೆ ರಕ್ತ ಒಣಗಿ ಕಪ್ಪಾಗಿದೆ. ಇಪ್ಪತ್ತಾರು ವರ್ಷದಲ್ಲಿ ನಾನು ಒಗೆಯದೆ ಇಟ್ಟ ಅಂಗಿ ಅದೊಂದೇ. ಹದಿನೇಳನ್ನು ಮಾತ್ರ ಒಗೆದು, ಇಸ್ತ್ರಿ ಮಾಡಿ, ಶನಿವಾರದ ಗೂಟಕ್ಕೆ ತೂಗುಹಾಕಿದ್ದೇನೆ.

ಇಂತಿ,
ಬೇರೆಯವರ ಕಲೆ ತೆಗೆಯುವುದನ್ನೇ ಕಸುಬು ಮಾಡಿಕೊಂಡು, ತನ್ನದೊಂದನ್ನು ತೆಗೆಯಲಾರದೆ ಕೂತಿರುವ
ಅಂಗಿಮಾವ