ಮಾವನ ಹಿಂದೆ ಹನ್ನೆರಡು ಮೀಟರ್

ಜುಲೈ ೬, ಬೆಳಿಗ್ಗೆ
ಈಜುಕೊಳದಿಂದ ಬಂದೆ. ಕಿವಿಯಲ್ಲಿ ಇನ್ನೂ ನೀರು. ಇವತ್ತೂ ಮಾವನೇ ಮೊದಲು ಗೋಡೆ ಮುಟ್ಟಿದರು. ಅರವತ್ತೇಳು ವರ್ಷ! ದಿನವಿಡೀ ಹೊಲಿಗೆ ಮಿಷನ್ನಿಗೆ ಬಗ್ಗಿ ಕೂರುವ ಟೈಲರ್. ಕನ್ನಡಕದ ಅಂಗಡಿಯಲ್ಲಿ ದಿನವೆಲ್ಲ ನಿಂತೇ ಇರುವ ನಾನು, ಅವರಿಗಿಂತ ಎಷ್ಟೋ ಚಿಕ್ಕವನು, ದಡ ಹಿಡಿದು ಏದುಸಿರು ಬಿಡುತ್ತಿದ್ದೆ.

"ಏನು ಅಳಿಯಂದ್ರೇ, ಮಧ್ಯದಲ್ಲಿ ಕಾಫಿಗೆ ನಿಂತಿದ್ರಾ?"

ಹೆಣ್ಣು ಕೊಟ್ಟವರು. ತಿರುಗಿ ಮಾತಾಡುವ ಹಾಗಿಲ್ಲ.

ಸೆಪ್ಟೆಂಬರಿನಲ್ಲಿ ಟ್ರಯಥ್ಲಾನ್ ವಿಶ್ವ ಚಾಂಪಿಯನ್‌ಷಿಪ್. ಲಾಂಗ್ ಡಿಸ್ಟೆನ್ಸ್. ಈಜು, ಸೈಕಲ್, ಓಟ, ಒಂದರ ಬೆನ್ನಿಗೆ ಒಂದು, ಬೆಳಗಿನಿಂದ ಮಧ್ಯಾಹ್ನ ದಾಟುವವರೆಗೆ. ಅವರವರ ವಯಸ್ಸಿನ ಗುಂಪಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿದೆ. ಮಾವನಿಗೆ ಗೆದ್ದು ಸಿಕ್ಕಿದ್ದು. ನನಗೆ, ಮೇಲಿನವರು ಒಬ್ಬೊಬ್ಬರಾಗಿ ಬೇಡವೆಂದ ಮೇಲೆ ಸಿಕ್ಕಿದ್ದು.

ಜುಲೈ ೨೧
ಏರಿನಲ್ಲಿ ಮಾವ ಸೈಕಲ್ ಇಳಿದು ಬೇಲಿ ಹಿಡಿದು ನಿಂತುಬಿಟ್ಟರು. ಮುಖ ಬಿಳುಚಿಕೊಂಡಿತ್ತು. ಸಂಜೆ ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದೊಯ್ದೆ. ಎದೆಗೆ ವೈರು ಅಂಟಿಸಿ ನೋಡಿದರು.

"ಹಾರ್ಟ್ ಬೀಟ್ ತಪ್ತಾ ಇದೆ. ಮಾತ್ರೆ ಬರ್ಕೊಡ್ತೀನಿ. ವಾಕಿಂಗ್ ಮಾಡಿ, ಬೇಡ ಅನ್ನಲ್ಲ. ರೇಸು ಗೀಸು ಮಾತ್ರ ಬೇಡವೇ ಬೇಡ."

ಹೊರಗೆ ಬಂದು ಮಾವ ಮೆಟ್ಟಿಲ ಮೇಲೆ ಕೂತರು.

"ನನ್ನ ಮಗಳಿಗೆ ಹೇಳ್ಬೇಡಿ."

"ಅದ್ಹೇಗೆ ಆಗುತ್ತೆ ಮಾವ?"

"ಜನ್ಮವಿಡೀ ಊರವರ ಬಟ್ಟೆ ಹೊಲ್ದೆ ಅಳಿಯಂದ್ರೇ. ನನಗೆ ಅಂತ ಮಾಡ್ಕೊಂಡಿದ್ದು ಇದೊಂದೇ. ಇದೊಂದು ಸಲ."

ಕೈ ಮುಗಿದರು. ನನಗೆ! ಅಪ್ಪನ ವಯಸ್ಸಿನವರು. ಅಯ್ಯೋ ಅಂತ ಅವರ ಕೈ ಹಿಡಿದು ಇಳಿಸಿದೆ. ಅಲ್ಲಿಗೆ ನನ್ನ ಕಥೆ ಮುಗಿಯಿತು. ಒಂದೇ ಷರತ್ತು ಹಾಕಿದೆ — ರೇಸಿನಲ್ಲಿ ನಾನು ಹಿಂದೆಯೇ ಇರುತ್ತೇನೆ, ಎದೆ ಸ್ವಲ್ಪ ಏನಾದರೂ ಅಂದರೆ ಅಲ್ಲೇ ನಿಲ್ಲಬೇಕು.

"ಆಯ್ತು, ಆಯ್ತು" ಅಂದರು. ಅಷ್ಟು ಬೇಗ ಒಪ್ಪಿದ್ದೇ ಅನುಮಾನ.

ಜುಲೈ ೨೨
ಬಡಿಸುತ್ತ ಇವಳು ಕೇಳಿದಳು, "ಅಪ್ಪ ಯಾಕ್ರೀ ಸಪ್ಪಗಿದಾರೆ?"

"ಸುಸ್ತು, ಅಷ್ಟೇ."

ಊಟ ಸೇರಲಿಲ್ಲ.

ಸೆಪ್ಟೆಂಬರ್ ೧೧, ಹೋಟೆಲ್ ರೂಮು
ಇಷ್ಟು ದಿನ ಬರೆಯಲಿಲ್ಲ. ಬರೆದರೆ ಅದನ್ನೇ ಬರೆಯಬೇಕು.

ಹೊರಡುವಾಗ ಇವಳು ಬಾಗಿಲಲ್ಲಿ ನಿಂತು, "ರೀ, ಅಮ್ಮ ಹೋದ್ಮೇಲೆ ನನಗೆ ತವರು ಅಂತ ಇರೋದು ಅವರೊಬ್ರೇ. ಸ್ವಲ್ಪ ನೋಡ್ಕೊಳ್ಳಿ" ಅಂದಳು. ಹೂಂ ಅಂದೆ. ಎಷ್ಟು ಸಲೀಸಾಗಿ ಬಂತು ಆ ಹೂಂ.

ಸೈಕಲ್ಲುಗಳನ್ನು ಒಪ್ಪಿಸಿ ಬಂದೆವು. ಮಾವ ಮಂಚದ ಮೇಲೆ ಕೂತು ನನ್ನ ರೇಸಿನ ಸೂಟಿನಲ್ಲಿ ಬಿಟ್ಟುಹೋದ ಹೊಲಿಗೆ ಹಾಕುತ್ತಿದ್ದಾರೆ. ಏನೋ ಗುನುಗುತ್ತಿದ್ದಾರೆ. ಇವರ ಮೇಲೆ ಕೋಪ ಮಾಡಿಕೊಳ್ಳಲೂ ಬರುವುದಿಲ್ಲವಲ್ಲ…

ಸೆಪ್ಟೆಂಬರ್ ೧೩
ನಿನ್ನೆ ಮುಗಿಯಿತು. ಮಂಚದಿಂದ ಇಳಿಯಲು ಗೋಡೆ ಹಿಡಿಯಬೇಕು. ಬರೆಯಲು ಕೈ ಇದೆ, ಪುಣ್ಯ.

ಹಿರಿಯರ ಗುಂಪು ಮೊದಲು ನೀರಿಗಿಳಿಯಿತು, ನಮ್ಮದು ಆಮೇಲೆ. ಸೈಕಲ್ಲಿನಲ್ಲಿ ಅರ್ಧ ದಾರಿಗೆ ಮಾವ ಸಿಕ್ಕರು. ಹಿಂದೆಯೇ ಉಳಿದೆ. ಮುಂದಿನ ಸೈಕಲ್ಲಿನಿಂದ ಹನ್ನೆರಡು ಮೀಟರ್ ದೂರ ಇರಬೇಕು, ರೂಲು. ಇರುತ್ತಿದ್ದೆ. ಎದುರುಗಾಳಿ ಜೋರಾಯಿತು. ಮಾವ ಒಂದು ಸಲ ಓಲಾಡಿದ ಹಾಗೆ ಕಂಡಿತು. ಗಾಳಿಗೋ, ಎದೆಗೋ? ನೋಡೋಣ ಅಂತ ಹತ್ತಿರ ಹೋದೆ. ಇನ್ನೂ ಹತ್ತಿರ. ಮೀಟರು ಗೀಟರು ಯಾರಿಗೆ ನೆನಪು!

ಪಕ್ಕದಲ್ಲೇ ಸೀಟಿ. ಬೈಕಿನಲ್ಲಿ ಕೂತ ರೆಫ್ರಿ, ಕೈಯಲ್ಲಿ ಕಾರ್ಡು.

"ಮುಂದಿನವರ ಮರೆಯಲ್ಲಿ ಗಾಳಿ ತಪ್ಪಿಸ್ಕೊಳ್ತಿದೀರಿ. ಪೆನಾಲ್ಟಿ. ಐದು ನಿಮಿಷ."

ಅವರ ಮರೆಯಲ್ಲಿ! ನಾನು! ಅವರು ನಮ್ಮ ಮಾವ ಸರ್, ಎದೆ ಸರಿಯಿಲ್ಲ… ನಾಲಿಗೆ ತುದಿಗೆ ಬಂತು. ಹೇಳಿದರೆ ಅವರನ್ನು ಅಲ್ಲೇ ಇಳಿಸುತ್ತಾರೆ. ನುಂಗಿಕೊಂಡೆ.

ಪೆನಾಲ್ಟಿ ಟೆಂಟಿನಲ್ಲಿ ನನ್ನ ನಂಬರ್ ಚೀಟಿಯ ಮೇಲೆ ಮಾರ್ಕರಿನಿಂದ ಗೀಟು ಎಳೆದರು. ನಿಂತೆ. ಮಾವನ ಬೆನ್ನು ತಿರುವಿನಲ್ಲಿ ಮರೆಯಾಯಿತು. ಕಾಲಿದೆ, ಸೈಕಲ್ಲಿದೆ, ರಸ್ತೆಯಿದೆ — ಅಲುಗುವ ಹಾಗಿಲ್ಲ. ಒಬ್ಬ ಮುದುಕ ಒಬ್ಬನೇ ಹೋಗುತ್ತಿದ್ದಾನೆ, ನಾನು ಇಲ್ಲಿ ಗಡಿಯಾರ ನೋಡುತ್ತಿದ್ದೇನೆ. ಥೂ.

ಆಮೇಲೆ ಓಟದಲ್ಲಿ ಸಿಕ್ಕರು. ನೀರಿನ ಟೇಬಲ್ಲಿಗೆ ಒರಗಿ ನಿಂತಿದ್ದರು, ಎದೆಯ ಮೇಲೆ ಕೈ. ತುಟಿ ಬಣ್ಣಗೆಟ್ಟಿತ್ತು.

"ಸಾಕು ಮಾವ. ಮಾತು ಕೊಟ್ಟಿದೀರಿ."

"ಪಕ್ಕೆ ಹಿಡ್ಕೊಂಡಿದೆ ಅಷ್ಟೇ. ನೀವು ನಡೀರಿ."

ಇನ್ನು ತಡೆಯಲಾಗಲಿಲ್ಲ. ಮೆಡಿಕಲ್‌ನವರನ್ನು ಕೂಗಿದೆ. ಒಬ್ಬ ಹುಡುಗಿ ಓಡಿ ಬಂದಳು. "ಇವರಿಗೆ ಹಾರ್ಟ್ ತೊಂದರೆ ಇದೆ, ದಯವಿಟ್ಟು ನಿಲ್ಲಿಸಿ" ಅಂದೆ.

"ಇವರು ನಿಮ್ಮವರಾ?" ಅಂತ ಅವಳು ಮಾವನನ್ನು ಕೇಳಿದಳು.

ಮಾವ ನನ್ನ ಮುಖ ನೋಡಿದರು. ಹದಿನೈದು ವರ್ಷದಿಂದ ಒಂದೇ ಮನೆಯಲ್ಲಿ ಉಂಡ ಮುಖ.

"ಯಾರೋ ಗೊತ್ತಿಲ್ಲಮ್ಮ. ಸೈಕಲ್ಲಿನಲ್ಲೂ ಬೆನ್ನು ಹತ್ತಿದ್ರು. ಕಾರ್ಡ್ ಕೂಡ ಕೊಟ್ರು ಪಾಪ."

ಅವಳು ನನ್ನ ನಂಬರಿನ ಮೇಲಿನ ಗೀಟು ನೋಡಿದಳು. ಆಮೇಲೆ ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ನಾಡಿ ಹಿಡಿದಳು, ಹೆಸರು ಕೇಳಿದಳು, ವಾರ ಕೇಳಿದಳು. ಮಾವ ನಗುನಗುತ್ತ ಹೇಳಿದರು. ಹಾಳು ನಾಡಿ, ಆ ಹೊತ್ತಿಗೆ ಸರಿಯಾಗಿ ಬಡಿಯಿತು! ಹೋಗಿ ಅಂದಳು. ಹೋದರು. ಹಿಂದೆ ಓಡಿದೆ. ನನ್ನ ಮೀನಖಂಡ ಹಿಡಿದುಕೊಂಡಿತು. ರಸ್ತೆ ಮಧ್ಯೆ ಬಗ್ಗಿ ನಿಂತು ಅತ್ತುಬಿಟ್ಟೆ.

ಸಂಜೆ
ಮಾವ ಮೂರನೆಯವರು. ವಿಶ್ವದಲ್ಲಿ! ವೇದಿಕೆ ಹತ್ತಿ ಮಗುವಿನ ಹಾಗೆ ಕೈ ಬೀಸಿದರು. ನಾನೂ ಚಪ್ಪಾಳೆ ಹೊಡೆದೆ. ನಿಜವಾಗಿ ಖುಷಿಯಾಗಿತ್ತು, ಅದೇ ನಾಚಿಕೆ.

"ಕೋಪಾನಾ ಅಳಿಯಂದ್ರೇ?"

ಅವರೇ ಇವಳಿಗೆ ವಿಡಿಯೊ ಕಾಲ್ ಮಾಡಿದರು. "ನಿನ್ನ ಗಂಡ ಒಂದು ಗಳಿಗೆ ನನ್ನ ಬಿಟ್ಟು ಹೋಗ್ಲಿಲ್ಲ ಕಣಮ್ಮ."

ಇವಳ ಕಣ್ಣು ತುಂಬಿತು. "ನೀವು ಜೊತೆಗಿದೀರಿ ಅಂತಾನೇ ರೀ ನಾನು ಕಳಿಸಿದ್ದು."

ಈಗ ಯಾವ ಬಾಯಲ್ಲಿ ಹೇಳಲಿ?

ಅಕ್ಟೋಬರ್ ೧
ಮಾವ ಮತ್ತೆ ತಯಾರಿ ಶುರು ಮಾಡಿದ್ದಾರೆ. ಮುಂದಿನ ವರ್ಷಕ್ಕಂತೆ! ಅವರ ಅಂಗಡಿಗೇ ಹೋಗಿ ಹೇಳಿದೆ, ನಿಮ್ಮ ಮಗಳಿಗೆ ನೀವು ಹೇಳ್ತೀರೋ ನಾನು ಹೇಳಲೋ. ಕತ್ತರಿ ಕೆಳಗಿಟ್ಟರು. "ಭಾನುವಾರ ಒಂದು ರೌಂಡ್ ಹೋಗಿ ಬಂದು ನಾನೇ ಹೇಳ್ತೀನಿ. ಆಣೆ."

ನಂಬಿದೆ. ನಂಬದೆ ಏನು ಮಾಡಲಿ.

ಅಕ್ಟೋಬರ್ ೪, ಭಾನುವಾರ, ಆಸ್ಪತ್ರೆ
ಮಾವ ಅದೇ ಏರಿನಲ್ಲಿ ಬಿದ್ದಿದ್ದರಂತೆ. ಹಾಲಿನ ವ್ಯಾನಿನವನು ತಂದು ಸೇರಿಸಿದ. ಗಾಜಿನಾಚೆ ಮಲಗಿದ್ದಾರೆ. ಕಣ್ಣು ಬಿಟ್ಟಿಲ್ಲ.

ಡಾಕ್ಟರ್ ಕೇಳಿದರು, "ಮೊದಲೇ ಹಾರ್ಟ್ ತೊಂದರೆ ಏನಾದ್ರೂ ಇತ್ತಾ?"

ಇವಳೇ ಹೇಳಿದಳು, ಎದೆ ಸೆಟೆಸಿಕೊಂಡು. "ಇಲ್ಲ ಡಾಕ್ಟ್ರೇ. ಕಲ್ಲಿನಂಥಾ ಜೀವ. ಹೋದ ತಿಂಗಳು ತಾನೇ ವಿಶ್ವಕ್ಕೆ ಮೂರನೆಯವರಾದ್ರು. ಅಲ್ವೇನ್ರೀ?"

"ಇತ್ತು" ಅಂದೆ. ಬಡಿತದ್ದು, ಮಾತ್ರೆಯದ್ದು, ಎಲ್ಲ ಹೇಳಿದೆ. ಡಾಕ್ಟರ್ ಬರೆದುಕೊಂಡು ಒಳಗೆ ಓಡಿದರು.

ಇವಳು ಬೈಯಲಿಲ್ಲ. ಅಳಲಿಲ್ಲ. ಬೆಂಚಿನ ಆ ತುದಿಗೆ ಸರಿದು ಕೂತಳು. ಮಧ್ಯೆ ನನ್ನ ಬ್ಯಾಗು. ಕೈಗೆ ಏನಾದರೂ ಕೆಲಸ ಬೇಕು ಅಂತ ಬರೆಯುತ್ತಿದ್ದೇನೆ. ತಲೆ ಎತ್ತಲು ಭಯ.

ಈಗ ಬಾಯಿ ಬಿಟ್ಟಳು. ಗಾಜನ್ನೇ ನೋಡುತ್ತ.

"ಯಾವತ್ತಿಂದ ಗೊತ್ತಿತ್ತು ನಿಮಗೆ?"

"ಜುಲೈ…"