ಹತ್ತಕ್ಕೆ ಎರಡು ಅಂಕದ ನೋವು

ನಿವೃತ್ತ ಗಣಿತ ಮೇಷ್ಟ್ರೂ, ಅಂಕ ಕೊಡುವುದರಲ್ಲಿ ಕಡು ಜಿಪುಣರೂ, ನನ್ನ ಅಮ್ಮನ ಅಪ್ಪನೂ ಆದ ತಾತನವರ ಪಾದಗಳಿಗೆ (ಎಡಗಾಲು ಬಾತಿರುವುದರಿಂದ ಸದ್ಯಕ್ಕೆ ಬಲಗಾಲಿಗೆ ಮಾತ್ರ) ಕೋತಿಯ ನಮಸ್ಕಾರ.

ನಾನು ಹಾಸ್ಟೆಲು ತಲುಪಿದ ನಾಲ್ಕನೇ ದಿನಕ್ಕೇ ತಮ್ಮ ಮೇಲೆ ದೂರು ಬಂದಿದೆ. ದೂರುದಾರರು ಅಜ್ಜಿ. "ಬೆಳಗ್ಗೆಯಿಂದ ನಿಮ್ಮ ತಾತಂಗೆ ಲೋಟ ಹಿಡಿಯೋಕೂ ಆಗ್ತಿಲ್ಲ. ನರ್ಸಕ್ಕ ಬಂದು ಹತ್ತಕ್ಕೆ ಎಷ್ಟು ನೋವು ಮೇಷ್ಟ್ರೇ ಅಂದ್ರೆ, ಮತ್ತೆ ಅದೇ ಎರಡು!" ಎಂದಳು ಫೋನಿನಲ್ಲಿ.

ಪ್ರಕರಣದ ಹಿನ್ನೆಲೆಯನ್ನು ದಾಖಲಿಸುತ್ತೇನೆ. ಗಡ್ಡೆ ಬೆನ್ನುಮೂಳೆಗೆ ಹಬ್ಬಿದ ಮೇಲೆ, ಇನ್ನು ವಾಸಿಯ ಮಾತಿಲ್ಲ, ನೋವು ತಗ್ಗಿಸುವುದೊಂದೇ ಕೆಲಸ ಎಂದರು ದೊಡ್ಡ ಡಾಕ್ಟರು. ಅಂದಿನಿಂದ ಉಪಶಾಮಕ ಆರೈಕೆಯ ನರ್ಸಕ್ಕ ವಾರಕ್ಕೆರಡು ಸಲ ಮನೆಗೇ ಬರುತ್ತಾರೆ. ತಾವು ನೋವಿಗೆ ಕೊಡುವ ಅಂಕ ನೋಡಿ ಅವರ ಡಾಕ್ಟರು ಮಾರ್ಫಿನ್ ಮಾತ್ರೆಯ ಪ್ರಮಾಣ ಹೇಳುತ್ತಾರೆ. ಪಾಪ, ಅವರಿಗೆ ತಮ್ಮ ಕೈಯ ಬಿಗಿ ಗೊತ್ತಿರಲಿಲ್ಲ. ಸ್ವಂತ ಮಗಳಿಗೇ ಹತ್ತಕ್ಕೆ ಆರು ದಾಟಿಸದ ಕೈ ಅದು. ಅಮ್ಮ ಈಗಲೂ ಹಲ್ಲು ಕಡಿಯುತ್ತಾಳೆ. ಅಂಥವರು ಒಂದು ದಿನವೂ ಓದದೆ ಬಂದ ನೋವಿಗೆ ಅಂಕ ಸುರಿಯುತ್ತಾರೆಯೇ?

ರಜೆಗೆ ನಾನು ಬಂದಾಗ ನೋಡಿದರೆ, ಅಜ್ಜಿ ತಮ್ಮ ಮಗ್ಗುಲು ತಿರುಗಿಸುವಾಗ ತಾವು ಹಿಡಿದ ಹಿಡಿತಕ್ಕೆ ಅವಳ ಮಣಿಕಟ್ಟಿನಲ್ಲಿ ಐದು ಬೆರಳೂ ನೀಲಿಯಾಗಿ ಮೂಡಿದ್ದವು. ಉರಿಬಿಸಿಲಿನಲ್ಲಿ ತುಂಬುತೋಳಿನ ಸ್ವೆಟರ್ ಹಾಕಿಕೊಂಡು "ಚಳಿ ಕಣೇ" ಅಂದಳು.

ಆಗಲೇ ನಾನು ಮರುಮೌಲ್ಯಮಾಪನಕ್ಕೆ ಪ್ರಶ್ನೆಪತ್ರಿಕೆ ತಯಾರಿಸಿದ್ದು. ಹತ್ತು ಪ್ರಶ್ನೆ, ಪ್ರತಿ ಹೌದಿಗೂ ಒಂದು ಅಂಕ, ಅರ್ಧ ಅಂಕಕ್ಕೆ ಅವಕಾಶವಿಲ್ಲ. ನೋವು ಊಟ ಬಿಡಿಸಿತೇ? ರಾತ್ರಿಯ ನಿದ್ದೆ ಕೆಡಿಸಿತೇ? ಮಗ್ಗುಲು ತಿರುಗುವಾಗ ತುಟಿ ಕಚ್ಚಿದಿರೇ? "ಏನೇ ಕೋತಿ, ನಂಗೇ ಪರೀಕ್ಷೆ ಇಡ್ತೀಯಾ?" ಎಂದು ಗುರುಗುಟ್ಟಿದಿರಿ. ಆದರೆ ಕೆಂಪು ಪೆನ್ನು ಕೈಗೆ ಬಂದ ಕೂಡಲೇ ಮುಖಕ್ಕೆ ಸರ್ವೀಸಿನ ಕಳೆ ಬಂತು. ತಪ್ಪು ಉತ್ತರಕ್ಕೆ ಸರಿ ಗುರುತು ಹಾಕುವುದು ತಮ್ಮಿಂದ ಆಗದ ಕೆಲಸ. ನಾನು ಒಂದೊಂದೇ ಪ್ರಶ್ನೆ ಓದಿದೆ, ತಾವು ಗುರುತು ಹಾಕಿದಿರಿ. ಮೊತ್ತ ಎಂಟು. ಎರಡು ಸಲ ಕೂಡಿದಿರಿ, ಎಂಟೇ. ನರ್ಸಕ್ಕ ನಗಲಿಲ್ಲ, ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದರು. ಪ್ರಮಾಣ ಏರಿದ ಮರುದಿನ ಮಧ್ಯಾಹ್ನ ತಾವೂ ಅಜ್ಜಿಯೂ ಒಟ್ಟಿಗೆ ಗೊರಕೆ ಹೊಡೆದಿರಿ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಓಡಾಡಿದೆ.

ಗೆದ್ದೆ ಅಂದುಕೊಂಡಿದ್ದೆ. ನಾನು ಹೊರಟ ದಿನ, ಅಜ್ಜಿ ಅಡುಗೆಮನೆಯಲ್ಲಿದ್ದಾಗ, ತಾವು ನನ್ನ ಕಿವಿ ಹಿಡಿದು ಹತ್ತಿರ ಎಳೆದಿರಿ. "ಎಂಟು ಅಂತ ಬರೆಸ್ಬಿಟ್ಟೆ ನೀನು. ಇನ್ನೊಂದ್ಸಲ ಅಷ್ಟಾದ್ರೆ ನಿಮ್ಮಜ್ಜಿ ಹೆದರ್ಕೊಂಡು ಆಸ್ಪತ್ರೆಗೆ ಸೇರಿಸ್ತಾಳೆ. ನನ್ನ ಪ್ರಾಣ ಇಲ್ಲೇ ಹೋಗ್ಬೇಕು ಕಣೇ, ಅವಳ ಹತ್ರ. ಅವಳಿಗೆ ಹೇಳ್ಬೇಡ, ಮಾತು ಕೊಡು." ಕೊಟ್ಟೆ. ಅಂದರೆ ಜಿಪುಣತನವೆಂಬ ನನ್ನ ಸಂಶೋಧನೆಯೇ ತಪ್ಪು. ತಮಗಿದ್ದದ್ದು ಭಯ.

ನಿನ್ನೆ ನರ್ಸಕ್ಕನಿಗೆ ಫೋನ್ ಮಾಡಿದೆ. ಅವರು ಅಂದದ್ದನ್ನು ಹಾಗೇ ಬರೆಯುತ್ತೇನೆ: "ನೋವು ಎಷ್ಟೇ ಏರಿದ್ರೂ ಔಷಧಿನೇ ಮನೆಗೆ ಬರುತ್ತೆ, ಮೇಷ್ಟ್ರು ಹೋಗ್ಬೇಕಾಗಿಲ್ಲ. ಮುಚ್ಚಿಟ್ರೇನೇ ತಡೀಲಾರದೆ ಆಸ್ಪತ್ರೆಗೆ ಓಡೋ ಹಾಗಾಗೋದು."

ಕೊಟ್ಟ ಮಾತಿಗೆ ನಾನು ತಪ್ಪಿಲ್ಲ, ತಾತ. ಅಜ್ಜಿಗೆ ಒಂದಕ್ಷರವೂ ಹೇಳಿಲ್ಲ. ಆದರೆ ಕಣ್ಣು ಮಂಜಾದ ಮೇಲೆ ತಮಗೆ ಬಂದ ಪತ್ರವನ್ನೆಲ್ಲ ಗಟ್ಟಿಯಾಗಿ ಓದುವವಳು ಅವಳೇ. ಅದಕ್ಕೆ ನಾನೇನು ಮಾಡಲಿ?

ಅಜ್ಜೀ, ಕನ್ನಡಕ ಒರೆಸಿಕೊಂಡು ಈ ಕಾಗದ ಕೆಳಗಿಡು. ಎಲ್ಲಿಗೂ ಕಳಿಸೋದಿಲ್ಲ ಅಂತ ಅವರಿಗೆ ಹೇಳು. ನಾನು ಹೇಳಿದರೆ ತಮಾಷೆ ಅಂದುಕೊಳ್ಳುತ್ತಾರೆ.

ನಿಮ್ಮಿಬ್ಬರ ಮಧ್ಯಾಹ್ನದ ನಿದ್ದೆಗೆ ಯಾರ ಕಣ್ಣೂ ತಾಗದಿರಲಿ ಎಂದು ಹಾರೈಸುವ,
ಮಾತಿಗೆ ತಪ್ಪದ
ಕೋತಿ